ಗಂಜಿ ಕುಡಿಯುವ ಗೋಡೆ

ಬಾಗಿಲು ಮುಂದೆ ಮಾಡಿ ಬಂದು ಹತ್ತಿರ ಕೂತುಕೋ. ಇನ್ನೂ ಹತ್ತಿರ. ಇದು ದನಿ ಎತ್ತಿ ಹೇಳುವ ಮಾತಲ್ಲ, ಬಾವಿಕಟ್ಟೆಯಲ್ಲಿ ಕೊಡ ಇಳಿಸಿಟ್ಟು ಆಡುವ ಮಾತೂ ಅಲ್ಲ. ಕೇಳಿದ್ದು ಹೊಟ್ಟೆಯಲ್ಲೇ ಇರಬೇಕು. ಇರುತ್ತದೆ ಅಂತ ಒಲೆ ಮುಟ್ಟಿ ಆಣೆ ಮಾಡು. ಮಾಡಿದೆಯಾ? ಸರಿ ಹಾಗಾದರೆ. ಗೋಡೆಗೆ ಕಿವಿ ಇದೆ ಅಂತ ಎಲ್ಲ ಊರಲ್ಲೂ ಹೇಳುತ್ತಾರೆ. ಈ ಕತೆ ನಡೆದ ಊರಿನಲ್ಲಿ ಗೋಡೆಗೆ ಬಾಯಿಯೂ ಇತ್ತು.

ಊರಿನ ಹೆಸರು ಬೇಡ. ಹೆಸರು ಹೇಳಿದರೆ ನಾಳೆ ಯಾರಾದರೂ ಹುಡುಕಿಕೊಂಡು ಹೊರಡುತ್ತಾರೆ. ಅಲ್ಲೊಂದು ಕೆರೆ, ಒಂದು ಗುಡ್ಡ, ನಡುವೆ ಎದುರುಬದುರು ಮನೆಗಳ ಬೀದಿ. ಅಲ್ಲಿ ನಡೆಯುತ್ತಿದ್ದ ವಿಚಿತ್ರ ಒಂದೇ. ಮನೆಯೊಳಗೆ ಯಾರಿಗಾದರೂ ನೋವಾದರೆ ಬೀದಿ ಕಡೆಯ ಗೋಡೆ ಬಿರುಕು ಬಿಡುತ್ತಿತ್ತು. ಸುಳ್ಳಾಡಿ ನೋಯಿಸಿದರೆ ಕೂದಲೆಳೆಯಷ್ಟು. ಕೈ ಎತ್ತಿ ನೋಯಿಸಿದರೆ ಬೆರಳು ತೂರುವಷ್ಟು. ಹೇಳಿಕೊಳ್ಳಲಾಗದ್ದು ಒಳಗೆ ಬಂದು ಕೂತರೆ ತಳಪಾಯದಿಂದ ಸೂರಿನವರೆಗೆ.

ಬಿರುಕನ್ನು ಮೊದಲು ಕಂಡವರು ಕೆರೆಯಂಗಳಕ್ಕೆ ಹೋಗಿ ಒಂದು ಮುಷ್ಟಿ ಹಸಿ ಮಣ್ಣು ತರಬೇಕು. ಕದ ತಟ್ಟದೆ ಒಳಗೆ ಹೋಗಬೇಕು. ನಡುಮನೆಯಲ್ಲಿ ನಿಂತು, ‘ಯಾರಿಗೆ ನೋವು?’ ಅಂತ ಕೇಳಬೇಕು. ಮನೆಯವರು ಹೇಳಬೇಕು. ಮಣ್ಣು ಹಿಡಿದು ಕೇಳಿದವರ ಮುಂದೆ ಯಾವ ಆಣೆಯೂ ನಿಲ್ಲುತ್ತಿರಲಿಲ್ಲ. ಗಂಡನ ಮೇಲಿಟ್ಟ ಆಣೆಯಾಗಲಿ, ದೇವರ ಮೇಲಿಟ್ಟ ಆಣೆಯಾಗಲಿ. ನಿಜ ಹೇಳಿದರೆ ಮಣ್ಣು ಬಿರುಕಿಗೆ ಕಚ್ಚಿಕೊಳ್ಳುತ್ತಿತ್ತು. ಸುಳ್ಳು ಹೇಳಿದರೆ ಪಚಕ್ಕನೆ ಕೆಳಗೆ. ಮೆತ್ತಿದ ಮಣ್ಣು ಆರುವ ತನಕ ತಂದವರು ಆ ಮನೆಯಲ್ಲೇ ಇರಬೇಕು. ಒಲೆ ಹಚ್ಚಬೇಕು, ಕಸ ಹೊಡೆಯಬೇಕು, ನೊಂದವರ ಬೆನ್ನು ಸವರಬೇಕು, ಮದ್ದು ಬೇಕಾದರೆ ಗುಡ್ಡಕ್ಕೆ ಹೇಳಿ ಕಳಿಸಬೇಕು.

ದಯೆ ಉಕ್ಕಿ ಬರುತ್ತಿದ್ದರು ಅಂದುಕೊಂಡೆಯಾ? ಎಲ್ಲಿಯ ದಯೆ. ಸುದ್ದಿಯ ಚಪಲ. ಯಾರ ಮನೆಯ ಹಾಲು ಒಡೆಯಿತು, ಯಾರ ಗಂಡ ಯಾರ ಹಿತ್ತಲಲ್ಲಿ ಸಿಕ್ಕ, ಅದು ಮೊದಲು ತಮ್ಮ ಕಿವಿಗೇ ಬೀಳಬೇಕು ಅಂತ ಸೆರಗು ಸಿಕ್ಕಿಸಿಕೊಂಡು ಓಡುತ್ತಿದ್ದರು. ಆದರೆ ಬರುತ್ತಿದ್ದರು ನೋಡು. ಬಂದ ಮೇಲೆ ಮಣ್ಣು ಆರುವ ತನಕ ಕೂರುತ್ತಿದ್ದರು.

ಆ ಬೀದಿಯಲ್ಲಿ ಮೂಲೆಮನೆಯಾಕೆ ಅಂತ ಒಬ್ಬಳು. ಗಂಡ ಹೋಗಿ ಬಹಳ ಕಾಲವಾಗಿತ್ತು. ಮಗನಿದ್ದ, ಮಗನಿಗೆ ತಂದ ಸೊಸೆಯಿದ್ದಳು. ಸೀರೆಯ ನೆರಿಗೆ ಅತ್ತಿತ್ತ ಆಗಬಾರದು, ರಂಗೋಲಿಯ ಚುಕ್ಕಿ ತಪ್ಪಬಾರದು, ಸಾರು ಉಕ್ಕಿ ಒಲೆಗೆ ಬೀಳಬಾರದು, ಅಂಥ ಹೆಂಗಸು. ಅವಳ ಎದುರುಮನೆಯಲ್ಲಿ ಒಬ್ಬ ಒಂಟಿ ಮುದುಕಿ. ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟುತ್ತ ಜಗಲಿಯ ಮೇಲೆ ಕೂತರೆ ಬೀದಿಯ ಅಷ್ಟೂ ಗೋಡೆ ಅವಳ ಕಣ್ಣಲ್ಲಿ. ಅವಳ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಅಂತ ಊರೇ ಹೇಳುತ್ತಿತ್ತು, ಅವಳೂ ಅದನ್ನು ಕೇಳಿ ನಗುತ್ತಿದ್ದಳು.

ಒಂದು ಬೆಳಿಗ್ಗೆ ಮೂಲೆಮನೆಯ ಗೋಡೆ ಬಿರುಕು ಬಿಟ್ಟಿತು. ಮುದುಕಿಗೆ ಆಗ ಮಂಡಿ ಗಟ್ಟಿಯಿತ್ತು. ರಂಗೋಲಿ ಆರುವುದರೊಳಗೆ ಮಣ್ಣು ತಂದು ನಡುಮನೆಯಲ್ಲಿ ನಿಂತಳು. ಅವಳ ಬೆನ್ನ ಹಿಂದೆ ಅರ್ಧ ಬೀದಿ. ಯಾರಿಗೆ ನೋವು ಅಂತ ಕೇಳಿದರೆ ಮೂಲೆಮನೆಯಾಕೆ, ಯಾರಿಗೂ ಇಲ್ಲ, ಥಂಡಿಗೆ ಗೋಡೆ ಸಡಿಲಾಗಿದೆ ಅಂದಳು. ಮಣ್ಣು ಪಚಕ್ಕನೆ ಬಿತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಹೇಳಲೇಬೇಕಾಯಿತು: ಮಗ ಬಳೆ ಮಾರುವವಳ ಹಿಂದೆ ಹೋಗಿಬಿಟ್ಟಿದ್ದ. ಹೆಂಡತಿ ಹಾಸಿದ ಹಾಸಿಗೆ ಸುತ್ತಿಕೊಂಡೇ ಹೋಗಿದ್ದ. ಮಣ್ಣು ಕಚ್ಚಿತು. ಮುದುಕಿ ಪದ್ಧತಿಯ ಪ್ರಕಾರ ಅಲ್ಲೇ ಉಳಿದು ಸಾರು ಮಾಡಿದಳು, ಸೊಸೆಗೆ ತಲೆ ಬಾಚಿದಳು, ಅತ್ತೆಗೆ ಒತ್ತಾಯ ಮಾಡಿ ಉಣ್ಣಿಸಿದಳು. ಆದರೆ ಮಣ್ಣು ಆರುವ ಹೊತ್ತಿಗೆ ಆ ಬಳೆಯವಳ ಎತ್ತರ, ಬಣ್ಣ, ಒಂದು ಕಣ್ಣು ಸ್ವಲ್ಪ ಮಾಲುಗಣ್ಣು ಅನ್ನುವುದು ಎಲ್ಲವೂ ಊರಿಗೆ ಗೊತ್ತಾಗಿತ್ತು. ಅಂದಿನಿಂದ ಮೂಲೆಮನೆಯಾಕೆ ನೀರಿಗೆ ಬಂದರೆ ಹೆಂಗಸರು ಬೇಕೆಂತಲೇ ಕೈ ಆಡಿಸಿ ಬಳೆ ಸದ್ದು ಮಾಡುತ್ತಿದ್ದರು.

ಅವಳು ಕೊಡ ಹೊತ್ತುಕೊಂಡು ಆ ಸದ್ದಿನ ನಡುವೆ ನಡೆದು ಬಂದಳು. ಮನೆಗೆ ಬಂದು ಗೋಡೆಯ ಮುಂದೆ ನಿಂತಳು. ಇನ್ನು ನೀನು ಬಾಯಿ ಬಿಟ್ಟರೆ ಕೇಳು ಅಂತ ಗೋಡೆಗೆ ಹೇಳಿದಳು.

ಈಗ ಗುಡ್ಡದ ವಿಷಯ. ಗುಡ್ಡದ ಮೇಲೆ ಶೋಧದ ಮನೆಯಿತ್ತು. ಬಿಳಿ ಬಟ್ಟೆಯವರು ಅಲ್ಲಿ ಹಗಲೂ ಇರುಳೂ ಏನನ್ನೋ ಅರೆಯುತ್ತ, ಕುದಿಸುತ್ತ, ಕಣ್ಣು ಕಿರಿದು ಮಾಡಿ ನೋಡುತ್ತ ಇರುತ್ತಿದ್ದರು. ಅವರಿಗೆ ಹೊಸದೇನು ಸಿಕ್ಕಿದರೂ ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ತಮಟೆಯವನು ಇಳಿದು ಬಂದು ಬೀದಿಯಲ್ಲಿ ಸಾರುತ್ತಿದ್ದ. ಜನ ಅರ್ಧ ಕೇಳುತ್ತಿದ್ದರು. ಆ ಊರಿನ ಗುಣವೇ ಅದು: ತಮಗೆ ಬೇಕಾದ ಮಾತು ಬರುವ ತನಕ ನಿಲ್ಲುವುದು, ಬಂದ ಕೂಡಲೇ ಓಡುವುದು. ಗಾಯಕ್ಕೆ ಹೊಲಿದ ದಾರ ಮೈಯೊಳಗೇ ಕರಗುತ್ತದೆ ಅಂದಾಗ ದಾರಕ್ಕೆ ಓಡಿದರು. ಯಾವ ಗಾಯಕ್ಕೆ ಅಂತ ಕೇಳಲಿಲ್ಲ, ಕೌದಿ ಹೊಲಿದುಕೊಂಡು ಮೊದಲ ಮಳೆಗೆ ಚಿಂದಿ ಹೊದ್ದು ಕೂತರು. ಇನ್ನೊಂದು ಸಲ ತಮಟೆಯವನು, ನಮ್ಮ ಒಡಲೂ ಒಂದು ಊರು, ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಮನೆಗಳು, ಒಂದು ಮನೆಗೆ ನೋವಾದರೆ ಅದು ಕೂಗುತ್ತದೆ, ನೆರೆಮನೆ ಓಡಿ ಬರುತ್ತದೆ, ಕೂಗು ನಿಂತ ಮನೆಯಿಂದಲೇ ಕೇಡು ಶುರು ಅಂತ ಸಾರಿದ. ಜನ ಆಕಳಿಸಿದರು. ಇದನ್ನು ಉಣ್ಣುವುದಾ, ಉಡುವುದಾ ಅಂದರು. ತಮಟೆಯವನು ಖಾಲಿ ಬೀದಿಗೆ ಉಳಿದದ್ದನ್ನು ಹೇಳಿ ಗುಡ್ಡ ಹತ್ತಿದ.

ಆಮೇಲೆ ಜೀವಗಾರೆ ಬಂತು. ಒಡೆದದ್ದನ್ನು ತಾನೇ ಕೂಡಿಕೊಳ್ಳುವ ಗಾರೆ. ಕಣ್ಣಿಗೆ ಕಾಣದ ಜೀವಗಳು ಅದರೊಳಗೆ ಮಲಗಿರುತ್ತವೆ, ಬಿರುಕು ಬಿಟ್ಟು ಗಾಳಿ ತಾಗಿದರೆ ಎಚ್ಚರಾಗುತ್ತವೆ, ಸುಣ್ಣ ಕಕ್ಕಿ ಬಿರುಕು ಮುಚ್ಚುತ್ತವೆ, ದಿನಾ ಬೆಳಿಗ್ಗೆ ಗಂಜಿ ಬಳಿದರೆ ಸಾಕು. ಇಷ್ಟು ಹೇಳುವುದರೊಳಗೆ ಬೀದಿಗೆ ಬೀದಿಯೇ ಬುಟ್ಟಿ ಹಿಡಿದು ಗುಡ್ಡ ಹತ್ತುತ್ತಿತ್ತು. ಎಲ್ಲರಿಗಿಂತ ಮುಂದೆ ಮೂಲೆಮನೆಯಾಕೆ. ತಮಟೆಯವನ ಕೊನೆಯ ಮಾತು ಕೇಳಿದವಳು ಎದುರುಮನೆಯ ಮುದುಕಿ ಒಬ್ಬಳೇ. ಅವಳಿಗೆ ಅಷ್ಟರಲ್ಲಿ ಮಂಡಿ ಹಿಡಿದು ಓಡಲಾಗುತ್ತಿರಲಿಲ್ಲ. ಆ ಮಾತು ಇದು: ಗೋಡೆ ಹೆಚ್ಚು ಗಂಜಿ ಕುಡಿದರೆ ಅದು ಗೋಡೆಯ ಹಸಿವಲ್ಲ, ಮನೆಯೊಳಗೆ ನೋಡಿ.

ಊರಿನ ಗೋಡೆಗಳೆಲ್ಲ ನುಣ್ಣಗಾದವು. ಬೆಳ್ಳಗಾದವು. ಬೆಳಗಾದರೆ ಬೀದಿಯುದ್ದಕ್ಕೂ ಹೆಂಗಸರು ಗಂಜಿಯ ಪಾತ್ರೆ ಹಿಡಿದು, ಅಂಗೈಯಲ್ಲಿ ಅದ್ದಿ, ಮೇಲಿನಿಂದ ಕೆಳಕ್ಕೆ ಬಳಿಯುತ್ತಿದ್ದರು. ಗೋಡೆಗಳು ಚರ್ರೆಂದು ಹೀರುತ್ತಿದ್ದವು. ಆ ಬೀದಿಯಲ್ಲಿ ಅದೊಂದೇ ಸದ್ದು. ಯಾರ ಮನೆಗೂ ಯಾರೂ ಹೋಗುತ್ತಿರಲಿಲ್ಲ, ಹೋಗುವುದಕ್ಕೆ ಕಾರಣವೇ ಇರಲಿಲ್ಲ. ಕೆರೆಯಂಗಳದ ಮಣ್ಣಿನ ಗುಂಡಿ ಕೈ ಬೀಳದೆ ಹೆಪ್ಪುಗಟ್ಟಿತು. ಮುದುಕಿಯ ಗೋಡೆ ಮಾತ್ರ ಹಳೆಯ ಮಣ್ಣಿನ ಗೋಡೆಯಾಗಿಯೇ ಉಳಿಯಿತು. ಅವಳು ಜಗಲಿಯಲ್ಲಿ ಕೂತು ಖಾಲಿ ಬಾಯಿ ಆಡಿಸುತ್ತಿದ್ದಳು. ಓದುವುದಕ್ಕೆ ಗೋಡೆಯೇ ಇಲ್ಲದ ಮೇಲೆ ಅಂಥವರಿಗೆ ದಿನ ಹೇಗೆ ಹೋಗಬೇಕು ಹೇಳು.

ಮುಂದಿನ ಅಮಾವಾಸ್ಯೆ ಕಳೆದ ಬೆಳಿಗ್ಗೆ ತಮಟೆ ಮತ್ತೆ ಬಂತು. ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕರೆ ಅಂದೇ ಗುಡ್ಡ ಹತ್ತಿ ಬನ್ನಿ, ಮೈಯ ಕಾವಲುಗಾರರಿಗೇ ಆ ಕಳ್ಳನ ಗುರುತು ಹಿಡಿಸಿಕೊಡುವ ಮದ್ದು ಸಿಕ್ಕಿದೆ, ಬೀಜವಾಗಿದ್ದಾಗ ಬಂದರೆ ಬದುಕುತ್ತೀರಿ, ಬೇರು ಬಿಟ್ಟ ಮೇಲೆ ಬಂದರೆ ನಮ್ಮ ಕೈಯಲ್ಲಿಲ್ಲ. ಎದೆ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಹೆಂಗಸರು ಸೆರಗು ಎಳೆದುಕೊಂಡು ಒಳಗೆ ಹೋದರು. ಮೂಲೆಮನೆಯ ಸೊಸೆ ಬಾಗಿಲ ಸಂದಿಯಲ್ಲಿ ನಿಂತು ಪೂರ್ತಿ ಕೇಳಿದಳು. ಅವಳ ಕೈ ಕುಪ್ಪಸದ ಮೇಲಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಅವಳು ಅತ್ತೆಯ ಹತ್ತಿರ ಬಂದು, ಒಂದು ಸಲ ಗುಡ್ಡಕ್ಕೆ ಹೋಗಿ ಬರಲೇ ಅಂತ ಕೇಳಿದಳು. ಯಾತಕ್ಕೆ ಅಂದಳು ಮೂಲೆಮನೆಯಾಕೆ. ಸುಮ್ಮನೆ, ಮೈ ಒಂದು ಥರಾ ಆಗುತ್ತೆ ಅಂದಳು ಸೊಸೆ.

ಅತ್ತೆ ಅವಳ ರಟ್ಟೆ ಹಿಡಿದು ಬೀದಿಗೆ ಕರೆದುಕೊಂಡು ಬಂದು ಗೋಡೆಯ ಮುಂದೆ ನಿಲ್ಲಿಸಿದಳು. “ನೋಡು. ಬಿರುಕಿದೆಯಾ? ಬಿರುಕಿಲ್ಲದ ಮನೆಯವರಿಗೆ ಗುಡ್ಡದ ಮೇಲೆ ಏನು ಕೆಲಸ? ನೀನು ಗುಡ್ಡ ಹತ್ತೋದನ್ನ ಕಂಡರೆ ಆ ಬಾವಿಕಟ್ಟೆ ಬಸವಿಯರು ಮತ್ತೆ ಬಳೆ ಆಡಿಸೋದಕ್ಕೆ ಶುರು ಮಾಡ್ತಾರೆ.”

ಸೊಸೆ ಗೋಡೆ ನೋಡಿದಳು. ಗೋಡೆ ಕನ್ನಡಿಯ ಹಾಗಿತ್ತು. ಆಯಿತು ಅತ್ತೆ ಅಂದಳು. ಅಂದ ಕ್ಷಣ ಗೋಡೆಯ ಒಳಗೆಲ್ಲೋ ಟಕ್ ಅಂತು, ಮರುಕ್ಷಣ ಮುಚ್ಚಿಕೊಂಡಿತು. ಮೂಲೆಮನೆಯಾಕೆ ಅದನ್ನು ಕೇಳಿದಳು. ಕೇಳಿ ಗೋಡೆಯನ್ನು ಮೆಚ್ಚಿಕೊಂಡಳು.

ಆ ವಾರದಿಂದ ಗೋಡೆಗೆ ಹಸಿವು ಹೆಚ್ಚಿತು. ಬಳಿದ ಗಂಜಿ ಅಂಗೈ ಎತ್ತುವುದರೊಳಗೆ ಇಂಗಿಹೋಗುತ್ತಿತ್ತು. ಮೂಲೆಮನೆಯಾಕೆ ದೊಡ್ಡ ಪಾತ್ರೆಯಲ್ಲಿ ಕಾಯಿಸಿದಳು. ಆಮೇಲೆ ಅದಕ್ಕಿಂತ ದೊಡ್ಡದರಲ್ಲಿ. ಅವಳಿಗೆ ಹೆಮ್ಮೆಯೋ ಹೆಮ್ಮೆ. ನಮ್ಮ ಗೋಡೆ ಚೆನ್ನಾಗಿ ಕುಡಿಯುತ್ತೆ ಕಣ್ರೇ, ಎಳೆಗರು ಕುಡಿದ ಹಾಗೆ ಅಂತ ಪಕ್ಕದ ಗೋಡೆಗೆ ಬಳಿಯುವವಳ ಹತ್ತಿರ ಹೇಳಿಕೊಂಡಳು. ಅಕ್ಕಿ ಸಾಲದೆ ಬಂತು. ಸೊಸೆ, ನನಗೆ ಹಸಿವಿಲ್ಲ ಅತ್ತೆ, ನನ್ನ ಪಾಲಿನ ಗಂಜಿ ಗೋಡೆಗೆ ಹಾಕಿ ಅಂದಳು. ಮತ್ತೆ ಟಕ್. ಮತ್ತೆ ಮುಚ್ಚಿಕೊಂಡಿತು. ಮೂಲೆಮನೆಯಾಕೆ ಒಂದೆರಡು ದಿನ, ತಿನ್ನೇ ಸುಮ್ಮನೆ ಅಂತ ಗದರಿದಳು. ಆಮೇಲೆ ಗದರುವುದು ಬಿಟ್ಟಳು. ಸೊಸೆಯ ಗಂಜಿ ಗೋಡೆಗೆ ಹೋಯಿತು. ಸೊಸೆ ಒಣಗಿದಷ್ಟೂ ಗೋಡೆ ಬಿರಿಯಿತು, ಬಿರಿದಷ್ಟೂ ಮುಚ್ಚಿಕೊಂಡಿತು, ಮುಚ್ಚಿಕೊಂಡಷ್ಟೂ ಇನ್ನೂ ಗಂಜಿ ಕೇಳಿತು. ಕೇಳಿದ್ದನ್ನು ಸೊಸೆಯ ತಟ್ಟೆಯಿಂದ ತೆಗೆದು ಕೊಟ್ಟರು.

ಗೋಡೆ ದಪ್ಪವಾಗುತ್ತ ಬಂತು. ಮುಚ್ಚಿದ ಒಂದೊಂದು ಬಿರುಕಿನ ಮೇಲೂ ಒಂದೊಂದು ಪದರ. ಕಿಟಕಿಯೂ ತನ್ನ ಬಿರುಕೇ ಅಂದುಕೊಂಡಿತೋ ಏನೋ, ಅಂಚಿನಿಂದ ಕೂಡಿಕೊಂಡು ಬಂದು ಅಂಗೈಯಗಲವಾಯಿತು, ಆಮೇಲೆ ಕಾಸಿನಗಲ, ಆಮೇಲೆ ಇಲ್ಲ. ಒಳಗೆ ಹಗಲಿನಲ್ಲೂ ದೀಪ. ಸೊಸೆ ದೀಪದ ಪಕ್ಕ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಗೋಡೆ ಬೆಚ್ಚಗಿರುತ್ತಿತ್ತು.

ಇದರ ನಡುವೆ ಎದುರುಮನೆ ಮುದುಕಿಯ ಗೋಡೆ ಬಿರಿಯಿತು. ಮೊದಲು ಕೂದಲೆಳೆ. ಮೂಲೆಮನೆಯಾಕೆ ಗಂಜಿ ಬಳಿಯುತ್ತ ತಿರುಗಿ ನೋಡಿದಳು, ಒಳಗೊಳಗೇ ತಂಪಾಯಿತು. ಮಾರನೆಯ ದಿನ ನೋಡಿದರೆ ಬೆರಳಗಲ. ಬೇಸಿಗೆ ಕಳೆಯುವ ಹೊತ್ತಿಗೆ ತಳದಿಂದ ಸೂರಿನ ತನಕ, ನೆರಳು ಒಳಗೆ ಹೋಗಿ ಕೂರುವಷ್ಟು. ಮುದುಕಿ ಆ ಬಿರುಕಿಗೆ ಬೆನ್ನು ಕೊಟ್ಟು ಜಗಲಿಯಲ್ಲಿ ಕೂತಿರುತ್ತಿದ್ದಳು. ಕುಟ್ಟಾಣಿ ಮೂಲೆಗೆ ಬಿದ್ದಿತ್ತು. ಬಾಯಿ ಬಿಗಿದುಕೊಂಡು ಮೂಲೆಮನೆಯನ್ನೇ ನೋಡುತ್ತಿದ್ದಳು. ಮೂಲೆಮನೆಯಾಕೆ ಅದನ್ನು ಹೊಟ್ಟೆಕಿಚ್ಚು ಅಂತ ತಿಳಿದಳು. ಬೀದಿಯಲ್ಲಿ ಯಾರೂ ಮಣ್ಣು ತರಲಿಲ್ಲ. ಮಣ್ಣು ತರುವುದು ಎಲ್ಲರಿಗೂ ಮರೆತೇ ಹೋಗಿತ್ತು.

ಅತ್ತೆ ಒಳಗೆ ಬಂದು ನಗುತ್ತ ಹೇಳಿದಳು, ಊರ ಗೋಡೆಯನ್ನೆಲ್ಲ ಓದಿದವಳ ಗೋಡೆ ಹೇಗೆ ಬಾಯಿ ಬಿಟ್ಟಿದೆ ಬಂದು ನೋಡು ಅಂತ. ಸೊಸೆ ಏಳಲು ಹೋಗಿ ಏಳಲಾರದೆ ಅತ್ತೆಯ ಸೆರಗು ಹಿಡಿದುಕೊಂಡಳು.

“ನೀವೇ ಒಂದು ಮುಷ್ಟಿ ಮಣ್ಣು ತಗೊಂಡು ಹೋಗಿ ಬನ್ನಿ ಅತ್ತೆ. ಹೋಗಿ ಕೇಳಿ.”

“ಏನಂತ?”

“ಯಾರಿಗೆ ನೋವು ಅಂತ.”

“ನನ್ನ ಮನೆ ಮಾನ ಬೀದಿಗೆ ಹಾಕಿದವಳು. ಅವಳ ನೋವು ಅವಳಿಗಿರಲಿ,” ಅಂದಳು ಮೂಲೆಮನೆಯಾಕೆ. “ಕೆರೆ ಮಣ್ಣು ಮುಟ್ಟಿದ ಕೈಯಲ್ಲಿ ನನ್ನ ಗೋಡೆಗೆ ಗಂಜಿ ಬಳೀಲಾ?”

ಸೊಸೆ ಸೆರಗು ಬಿಟ್ಟಳು. ಅವಳು ಜೀವಮಾನದಲ್ಲಿ ಅತ್ತೆಯ ಸೆರಗು ಹಿಡಿದು ಬೇಡಿಕೊಂಡದ್ದು ಅದೊಂದೇ ಸಲ.

ಗುಡ್ಡದಿಂದ ಬಿಳಿ ಬಟ್ಟೆಯ ಹೆಂಗಸೊಬ್ಬಳು ಗಾರೆ ಹಚ್ಚಿದ ಮನೆಗಳನ್ನು ನೋಡಿಕೊಂಡು ಬಂದಳು. ಮೂಲೆಮನೆಯ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. ತಟ್ಟಿದಳು, ಕಿವಿ ಇಟ್ಟಳು, ಕಿಟಕಿ ಇದ್ದ ಜಾಗದಲ್ಲಿ ಬೆರಳಾಡಿಸಿದಳು. ಹೊಗಳುತ್ತಾಳೆ ಅಂತ ಮೂಲೆಮನೆಯಾಕೆ ಸೆರಗು ಸರಿ ಮಾಡಿಕೊಂಡು ನಿಂತಿದ್ದಳು. ಅವಳು ಹೊಗಳಲಿಲ್ಲ. ಅಮ್ಮಾ, ನಿಮ್ಮ ಗೋಡೆ ತುಂಬ ಕುಡಿಯುತ್ತಿದೆ, ಒಳಗೆ ಯಾರಿದ್ದಾರೆ, ಹೇಗಿದ್ದಾರೆ ಅಂತ ಕೇಳಿದಳು. ಕೈಯಲ್ಲಿ ಮಣ್ಣಿರಲಿಲ್ಲ, ಮಣ್ಣಿಲ್ಲದೆ ಕೇಳಿದರೆ ನಿಜ ಹೇಳಬೇಕು ಅಂತ ಏನೂ ಇಲ್ಲವಲ್ಲ. ನಾನೂ ಸೊಸೆಯೂ ಇದ್ದೇವೆ, ಸುಖವಾಗಿದ್ದೇವೆ ಅಂದಳು ಮೂಲೆಮನೆಯಾಕೆ. ಗೋಡೆ ಟಕ್ಕೆಂದಿತು. ಬಿಳಿ ಬಟ್ಟೆಯವಳು ಬಾಗಿಲ ಕಡೆ ನೋಡಿದಳು. ಬಾಗಿಲೂ ಅಷ್ಟರಲ್ಲಿ ಇಕ್ಕಟ್ಟಾಗಿತ್ತು, ಒಬ್ಬರು ಮೈ ಓರೆ ಮಾಡಿಕೊಂಡು ಹೋಗಬೇಕು. ಮನೆಯಾಕೆ ಆ ಇಕ್ಕಟ್ಟಿಗೆ ಅಡ್ಡ ನಿಂತಿದ್ದಳು. ಬಿಳಿ ಬಟ್ಟೆಯವಳು ತಿರುಗಿ ತಿರುಗಿ ನೋಡುತ್ತ ಹೋದಳು.

ಒಂದು ಬೆಳಿಗ್ಗೆ ಗೋಡೆ ಗಂಜಿ ಕುಡಿಯಲಿಲ್ಲ. ಬಳಿದದ್ದು ಹಾಗೇ ಜಾರಿ ಕೆಳಗೆ ಹರಿದು ಬೀದಿಯ ಧೂಳಿನಲ್ಲಿ ಬಿಳಿಯ ಗೆರೆಯಾಯಿತು. ಮೂಲೆಮನೆಯಾಕೆ ಇನ್ನೊಮ್ಮೆ ಬಳಿದಳು. ಜಾರಿತು. ಗೋಡೆಗೆ ಹೊಟ್ಟೆ ತುಂಬಿತೇನೇ ಅಂತ ಕೂಗುತ್ತ ಒಳಗೆ ಹೋದಳು. ಸೊಸೆ ಗೋಡೆಗೆ ಒರಗಿಯೇ ಕೂತಿದ್ದಳು. ದೀಪ ಆರಿತ್ತು. ಗೋಡೆ ತಣ್ಣಗಿತ್ತು. ಅತ್ತೆ ಅವಳ ಸೆರಗು ಸರಿ ಮಾಡಲು ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಹುಣಸೆಬೀಜವಲ್ಲ. ಮುಷ್ಟಿಯಷ್ಟು, ಗಾರೆಯಷ್ಟು ಗಟ್ಟಿ.

ಆ ಊರಿನಲ್ಲಿ ಸಾವಿಗೂ ಅದೇ ಪದ್ಧತಿ. ಬಿರುಕು ಕಂಡು ಜನ ಬರಬೇಕು, ಬಂದ ಮೇಲೆ ಹೆಣ ಎತ್ತಬೇಕು. ಮೂಲೆಮನೆಯಾಕೆ ಹೊರಗೆ ಓಡಿ ಬಂದು ಗೋಡೆ ನೋಡಿದಳು. ಸಾವಿಗೆ ಬಿರಿದದ್ದನ್ನೂ ಗೋಡೆ ಮುಚ್ಚಿಕೊಂಡಾಗಿತ್ತು. ಕೂದಲೆಳೆಯಷ್ಟೂ ಗೆರೆಯಿಲ್ಲ. ಬೀದಿಯಲ್ಲಿ ಹೆಂಗಸರು ಬೆನ್ನು ಮಾಡಿಕೊಂಡು ತಮ್ಮ ತಮ್ಮ ಗೋಡೆಗೆ ಗಂಜಿ ಬಳಿಯುತ್ತಿದ್ದರು. ಅವಳು ಅತ್ತಳು. ಒಬ್ಬಿಬ್ಬರು ತಿರುಗಿ ಅವಳ ಗೋಡೆಯ ಕಡೆ ನೋಡಿದರು, ನುಣ್ಣಗಿತ್ತು, ಮತ್ತೆ ತಮ್ಮ ಕೆಲಸ ನೋಡಿಕೊಂಡರು. ಅಳು ಕೇಳಿ ಬರುವ ಪದ್ಧತಿ ಆ ಊರಲ್ಲಿ ಎಂದೂ ಇರಲಿಲ್ಲ. ಅವಳು ಹಾರೆ ತಂದು ಗೋಡೆಗೆ ಹೊಡೆದಳು. ಎಷ್ಟು ಆಳಕ್ಕೆ ಹೋಯಿತೋ ಅಷ್ಟೂ ಅವಳ ಕಣ್ಣೆದುರೇ ಕೂಡಿಕೊಂಡಿತು. ಕೊನೆಗೆ ಹಾರೆಯನ್ನೂ ಕಚ್ಚಿಕೊಂಡಿತು, ಬಿಡಲಿಲ್ಲ. ಇಷ್ಟು ದಿನ ಅವಳು ತಿನ್ನಿಸಿ ಬೆಳೆಸಿದ ಬಲ ಅದು.

ಅವಳು ಕೆರೆಯಂಗಳಕ್ಕೆ ಹೋದಳು. ಗುಂಡಿಯ ಹೆಪ್ಪನ್ನು ಉಗುರಿನಲ್ಲಿ ಕಿತ್ತು, ಕೆಳಗಿನಿಂದ ಒಂದು ಮುಷ್ಟಿ ಹಸಿ ಮಣ್ಣು ತೆಗೆದಳು. ನೋವಿದ್ದ ಮನೆಯವರೇ ಮಣ್ಣು ಹೊತ್ತು ನೆರೆಮನೆಗೆ ಹೋದದ್ದು ಆ ಊರಲ್ಲಿ ಅದೇ ಮೊದಲು. ಎದುರುಮನೆಯ ಜಗಲಿ ಹತ್ತಿದಳು. ಮುದುಕಿ ತನ್ನ ಬಿರುಕಿನ ಮುಂದೆ ಕೂತಿದ್ದಳು. ‘ಸೊಸೆ ಹೋದಳು, ಬನ್ನಿ, ಹೆಣ ಎತ್ತಬೇಕು’ ಅನ್ನುವುದಕ್ಕೆ ಬಂದವಳು. ಆದರೆ ಕೈಯಲ್ಲಿ ಮಣ್ಣಿತ್ತು, ಕಣ್ಣೆದುರು ಬಿರುಕಿತ್ತು. ಬಾಯಿಗೆ ಬಂದದ್ದು ಹಳೆಯ ಮಾತು.

“ಯಾರಿಗೆ ನೋವು?”

ಮುದುಕಿ ಅವಳ ಮುಖ ನೋಡಿದಳು. ಎಷ್ಟೋ ಕಾಲದಿಂದ ಬಿಗಿದುಕೊಂಡಿದ್ದ ಬಾಯಿ ಬಿಟ್ಟಳು. ಪಿಸುಗುಟ್ಟಲಿಲ್ಲ, ಕೂಗಲೂ ಇಲ್ಲ.

“ಈಗ ಕೇಳಿದೆಯಾ. ಗಂಟು ಬೀಜದಷ್ಟಿದ್ದಾಗಲೇ ಬಂದು ನನ್ನ ಕೈ ಹಿಡಿದು ಮುಟ್ಟಿಸಿದಳು ಕಣೇ. ಅತ್ತೆ ಮತ್ತೆ ಬಾವಿಕಟ್ಟೆಯಲ್ಲಿ ತಲೆ ತಗ್ಗಿಸಬಾರದು, ಯಾರ ಹತ್ತಿರವೂ ಆಡಬೇಡಿ ಅಂತ ದೀಪ ಮುಟ್ಟಿಸಿ ಆಣೆ ಹಾಕಿಸಿಕೊಂಡಳು. ನನ್ನ ಜನ್ಮದಲ್ಲಿ ಮೊದಲ ಸಲ ಈ ಬಾಯಲ್ಲಿ ಎಳ್ಳು ನೆನೀತು. ಅದಕ್ಕೇ ಈ ಗೋಡೆ ಬಿರಿದದ್ದು. ನೀನು ದಿನಾ ಅಲ್ಲಿ ಗಂಜಿ ಬಳೀತಾ ಇದನ್ನ ನೋಡಿ ನಗ್ತಿದ್ದೆ. ಒಂದು ದಿನ, ಬೇರೇನೂ ಬೇಡ, ನನ್ನ ಮಾನ ತೆಗೆಯೋದಕ್ಕಾದರೂ ಈ ಮಣ್ಣು ಹಿಡ್ಕೊಂಡು ಬಂದು ಕೇಳಿದ್ದರೆ, ನಿನ್ನ ಸೊಸೆಗೆ ಅಂತ ಹೇಳ್ತಿದ್ದೆನಲ್ಲೇ.”